ಹೆಡರ್ ಒಂದು, ಬಿಲ್ಡ್ ಹದಿನಾರು: ಅಕ್ಷರ ಎಣಿಸುವ ಲೈಬ್ರರಿಯೊಂದರ ದುರಸ್ತಿ

ಪದಬಂಧದಲ್ಲಿ 'ಲಕ್ಷ್ಮಿ' ಎಂದು ತುಂಬಲು ಎರಡು ಚೌಕ ಸಾಕು, 'ಕಂಪ್ಯೂಟರ್' ಎಂದು ತುಂಬಲು ನಾಲ್ಕು ಬೇಕು. ಕನ್ನಡ ಓದಬಲ್ಲ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ. ಆದರೆ 'ಲಕ್ಷ್ಮಿ' ಎಂಬ ಪದ ಲಿಪಿಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ 7 ಸಂಕೇತಗಳಾಗಿಯೂ ಅವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ 21 ಬೈಟ್‌ಗಳಾಗಿಯೂ ಇರುವುದರಿಂದ, ಅದು ಎರಡೇ ಅಕ್ಷರ ಎಂಬುದನ್ನು ಯಂತ್ರಕ್ಕೆ ಯಾರಾದರೂ ಹೇಳಿಕೊಡಬೇಕು. ಆ ಕೆಲಸಕ್ಕೆಂದು ನಾನು ಸಿ ಭಾಷೆಯಲ್ಲಿ ಒಂದು ಸಣ್ಣ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡ್) ಬರೆದು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಅದನ್ನು ಬಳಸುವವರು ಇಬ್ಬರು: ಪದಬಂಧ ರಚಿಸುವ ಪ್ರೋಗ್ರಾಂ ಬರೆದ ಗೆಳೆಯರೊಬ್ಬರು, ಮತ್ತು 32-ಬಿಟ್ ರಾಸ್ಪ್‌ಬೆರಿ ಪೈ ಬೋರ್ಡಿನ ಮೇಲೆ ಕನ್ನಡ ಫಲಕ ನಡೆಸುವ ಇನ್ನೊಬ್ಬರು. ಲೈಬ್ರರಿಯನ್ನು ಕಟ್ಟುವಾಗ ನಾಲ್ಕು ಆಯ್ಕೆಗಳಿವೆ: ಡಿಬಗ್ (ದೋಷ ಹುಡುಕಲು) ಅಥವಾ ರಿಲೀಸ್ (ಬಳಕೆಗೆ), ಯೂನಿಕೋಡ್ ಪಠ್ಯವನ್ನು ನಿಭಾಯಿಸುವ ಐಸಿಯು ಲೈಬ್ರರಿಯ ಜೊತೆಗೆ ಅಥವಾ ಅದಿಲ್ಲದೆ, ಥ್ರೆಡ್ (ಏಕಕಾಲಕ್ಕೆ ಹಲವು ಕೆಲಸ) ಸಹಿತ ಅಥವಾ ರಹಿತ, ಲಾಗ್ (ನಡೆದದ್ದರ ದಾಖಲೆ) ಸಹಿತ ಅಥವಾ ರಹಿತ. ಒಟ್ಟು 16 ಸಂರಚನೆಗಳು, ಅಂದರೆ 16 ಬಗೆಯ ಬಿಲ್ಡ್‌ಗಳು. ಈ ಹದಿನಾರೂ ಹೊರಗಿನವರಿಗೆ ಒಂದೇ ಲೈಬ್ರರಿಯಾಗಿ ಕಾಣುತ್ತವೆ ಎಂದೇ ನಾನು ನಂಬಿದ್ದೆ.

ಪದಬಂಧದ ಗೆಳೆಯರು ಕಳುಹಿಸಿದ ದೂರು ಹೀಗಿತ್ತು: ಅವರ ಹಳೆಯ ಯಂತ್ರದಲ್ಲಿ ಎಲ್ಲವೂ ಸರಿಯಾಗಿದೆ, ಹೊಸ ಯಂತ್ರದಲ್ಲಿ ಮೊದಲ ಪದಕ್ಕೇ ಪ್ರೋಗ್ರಾಂ ಬೀಳುತ್ತದೆ, ಪದದಲ್ಲಿ ಎಷ್ಟನೇ ಬೈಟ್‌ಗೆ ಬಂದಿದ್ದೇವೆ ಎಂದು ಕೇಳಿದರೆ ಹದಿನಾಲ್ಕು ಅಂಕಿಗಳ ಸಂಖ್ಯೆಯೊಂದು ಸಿಗುತ್ತದೆ. ಕೋಡ್ ಒಂದೇ, ಹೆಡರ್ (ಲೈಬ್ರರಿಯಲ್ಲಿ ಏನೇನಿದೆ ಎಂದು ಬಳಸುವವರ ಕಂಪೈಲರ್‌ಗೆ ಹೇಳುವ ಫೈಲು) ಒಂದೇ, ಲೈಬ್ರರಿಯ ಆವೃತ್ತಿಯೂ ಒಂದೇ.

ಮೊದಲು, ಮೆಮೊರಿಯ ಗಡಿ ದಾಟುವುದನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಹಾಕಿ ಓಡಿಸಿದೆ. ಅದು ಏನನ್ನೂ ಹೇಳಲಿಲ್ಲ, ಯಾಕೆಂದರೆ ಯಾರೂ ಯಾವ ಗಡಿಯನ್ನೂ ದಾಟಿರಲಿಲ್ಲ. ಅನಂತರ ಮೆಮೊರಿಯ ಬಳಕೆಯನ್ನು ಪರಿಶೀಲಿಸುವ ವಾಲ್‌ಗ್ರೈಂಡ್‌ನಲ್ಲಿ ಓಡಿಸಿದಾಗ, ಬೆಲೆಯನ್ನೇ ತುಂಬದ ಜಾಗವನ್ನು ಪ್ರೋಗ್ರಾಂ ಓದುತ್ತಿದೆ ಎಂಬ ಸುಳಿವು ಸಿಕ್ಕಿತು. ಆ ಜಾಗ, ಲೈಬ್ರರಿ ಆಗಷ್ಟೇ ತುಂಬಿಕೊಟ್ಟಿರಬೇಕಾಗಿದ್ದ ಸ್ಟ್ರಕ್ಟ್‌ನ (ಹಲವು ಬೆಲೆಗಳನ್ನು ಒಟ್ಟಿಗೆ ಇಡುವ ಜಾಗದ) ಒಳಗೇ ಇತ್ತು. ಆಗ ಪಹೋಲ್ ಎಂಬ ಉಪಕರಣದಿಂದ ಎರಡೂ ಕಡೆಯ ಬೈನರಿಗಳಲ್ಲಿ ಅದೇ ಸ್ಟ್ರಕ್ಟ್ ಹೇಗೆ ಹರಡಿಕೊಂಡಿದೆ ಎಂದು ನೋಡಿದೆ. ಲೈಬ್ರರಿಯೊಳಗೆ ಅದರ ಅಳತೆ 32 ಬೈಟ್, ಗೆಳೆಯರ ಪ್ರೋಗ್ರಾಂನೊಳಗೆ 48 ಬೈಟ್.

ಕಾರಣ ನನ್ನದೇ ಹೆಡರ್‌ನಲ್ಲಿತ್ತು. ಪದದ ಮೇಲೆ ಅಕ್ಷರದಿಂದ ಅಕ್ಷರಕ್ಕೆ ಸಾಗಲು ಬಳಸುವ ಆ ಸ್ಟ್ರಕ್ಟ್‌ನಲ್ಲಿ ಪಠ್ಯದ ಪಾಯಿಂಟರ್ (ಮೆಮೊರಿಯಲ್ಲಿನ ವಿಳಾಸ), ಉದ್ದ, ಈಗಿನ ಸ್ಥಾನ, ಕೆಲವು ಗುರುತುಗಳು ಇದ್ದವು. 64-ಬಿಟ್ ಯಂತ್ರದಲ್ಲಿ ಒಟ್ಟು 32 ಬೈಟ್. ಡಿಬಗ್ ಬಿಲ್ಡ್‌ನಲ್ಲಿ ಮಾತ್ರ ಅದರ ತಲೆಯ ಮೇಲೆ ಎಂಟೆಂಟು ಬೈಟ್‌ಗಳ ಇನ್ನೆರಡು ಸದಸ್ಯರನ್ನು ಸೇರಿಸಿದ್ದೆ: ಸ್ಟ್ರಕ್ಟ್ ಸರಿಯಾಗಿ ಆರಂಭವಾಗಿದೆಯೇ ಎಂದು ತಿಳಿಯಲು ಒಂದು ಗುರುತುಸಂಖ್ಯೆ, ಎಷ್ಟು ಹೆಜ್ಜೆ ಸಾಗಿದೆ ಎಂಬುದಕ್ಕೆ ಒಂದು ಎಣಿಕೆ. ಡಿಬಗ್ ಹೌದೋ ಅಲ್ಲವೋ ಎಂಬುದನ್ನು ನಿರ್ಧರಿಸುತ್ತಿದ್ದದ್ದು ಎನ್‌ಡಿಬಗ್ ಎಂಬ ಮ್ಯಾಕ್ರೊ, ಅಂದರೆ ಕಟ್ಟುವಾಗ ಕಂಪೈಲರ್‌ಗೆ ಕೊಡುವ ಒಂದು ಹೆಸರು. ಕಟ್ಟುವ ಕೆಲಸ ನಡೆಸುವ ಸಿಮೇಕ್ ತನ್ನ ರಿಲೀಸ್ ಬಿಲ್ಡ್‌ಗಳಲ್ಲಿ ಈ ಮ್ಯಾಕ್ರೊವನ್ನು ತಾನಾಗಿಯೇ ಕೊಡುತ್ತದೆ. ಆದರೆ ಬಿಲ್ಡ್ ಪ್ರಕಾರವನ್ನು ಹೇಳದೆ ಖಾಲಿ ಬಿಟ್ಟರೆ ಕೊಡುವುದಿಲ್ಲ. ಗೆಳೆಯರು ಹೊಸ ಯಂತ್ರದಲ್ಲಿ ಅದನ್ನು ಖಾಲಿ ಬಿಟ್ಟಿದ್ದರು. ಹೀಗಾಗಿ ಲೈಬ್ರರಿ ರಿಲೀಸ್ ಆಗಿ ಕಟ್ಟಲ್ಪಟ್ಟಿದ್ದರೂ ಅವರ ಕಂಪೈಲರ್ ನನ್ನ ಹೆಡರನ್ನು ಓದುವಾಗ ಅದು ಡಿಬಗ್ ಎಂದೇ ತಿಳಿಯಿತು. ಲೈಬ್ರರಿ ಸ್ಥಾನವನ್ನು 16ನೇ ಬೈಟ್‌ನಲ್ಲಿ ಬರೆದಿತ್ತು, ಪ್ರೋಗ್ರಾಂ ಅದನ್ನು 32ನೇ ಬೈಟ್‌ನಲ್ಲಿ ಹುಡುಕುತ್ತಿತ್ತು. ಅಲ್ಲಿ ಸ್ಟ್ಯಾಕ್‌ನ (ಫಂಕ್ಷನ್‌ಗಳ ತಾತ್ಕಾಲಿಕ ಮೆಮೊರಿಯ) ಹಳೆಯ ಕಸವಲ್ಲದೆ ಬೇರೇನೂ ಇರಲಿಲ್ಲ.

ಇದನ್ನು ತಿರುಗಿಸಿಯೂ ಪರೀಕ್ಷಿಸಿದೆ. ಲೈಬ್ರರಿಯನ್ನು ಡಿಬಗ್ ಆಗಿಯೂ ಪ್ರೋಗ್ರಾಂ ಅನ್ನು ರಿಲೀಸ್ ಆಗಿಯೂ ಕಟ್ಟಿದರೆ, 32 ಬೈಟ್ ಜಾಗಕ್ಕೆ ಲೈಬ್ರರಿ 48 ಬೈಟ್ ಬರೆಯುತ್ತದೆ, ಕಂಪೈಲರ್‌ನ ಸ್ಟ್ಯಾಕ್ ಕಾವಲು ಕೂಡಲೇ ಪ್ರೋಗ್ರಾಂ ಅನ್ನು ನಿಲ್ಲಿಸುತ್ತದೆ. ಗದ್ದಲ ಮಾಡಿ ಬೀಳುವ ಈ ತಪ್ಪು ಎಷ್ಟೋ ವಾಸಿ. ಮೊದಲಿನದು ಒಂದು ಯಂತ್ರದಲ್ಲಿ ಸೊನ್ನೆ ಕೊಟ್ಟು ಇನ್ನೊಂದರಲ್ಲಿ ಕಸ ಕೊಡುವ ಜಾತಿಯದು.

ದೊಡ್ಡ ಯೋಜನೆಗಳೂ ಈ ದಾರಿಯಲ್ಲಿ ನಡೆದು ಬಂದಿವೆ. ಪೈಥಾನ್‌ನ ಡಿಬಗ್ ಬಿಲ್ಡ್ ಹಿಂದೆ ಪ್ರತಿಯೊಂದು ಆಬ್ಜೆಕ್ಟ್‌ನ ತಲೆಗೆ ಎರಡು ಹೆಚ್ಚುವರಿ ಪಾಯಿಂಟರ್‌ಗಳನ್ನು ಸೇರಿಸುತ್ತಿತ್ತು. ಆದ್ದರಿಂದ ಸಾಮಾನ್ಯ ಪೈಥಾನ್‌ಗಾಗಿ ಕಟ್ಟಿದ ವಿಸ್ತರಣೆಗಳನ್ನು ಡಿಬಗ್ ಪೈಥಾನ್‌ನಲ್ಲಿ ಬಳಸಲು ಬರುತ್ತಿರಲಿಲ್ಲ. 2019ರಲ್ಲಿ ಬಂದ 3.8ನೇ ಆವೃತ್ತಿಯಲ್ಲಿ ಆ ಪಾಯಿಂಟರ್‌ಗಳನ್ನು ಡಿಬಗ್‌ನಿಂದ ಬೇರ್ಪಡಿಸಿ ಪ್ರತ್ಯೇಕ ಆಯ್ಕೆಯಾಗಿ ಇರಿಸಿದರು; ಎರಡೂ ಬಿಲ್ಡ್‌ಗಳ ಎಬಿಐ (ಕಟ್ಟಿದ ಬೈನರಿಗಳ ನಡುವಿನ ಒಪ್ಪಂದ) ಹೊಂದಿಕೊಂಡಿತು. ಮೈಕ್ರೊಸಾಫ್ಟ್‌ನ ಸಿ++ ಕಂಪೈಲರ್ ಬೇರೆ ದಾರಿ ಹಿಡಿದಿದೆ. ಅಲ್ಲಿ ಡಿಬಗ್ ಮಟ್ಟದ ಬೆಲೆಯನ್ನು ಪ್ರತಿ ಆಬ್ಜೆಕ್ಟ್ ಫೈಲಿನಲ್ಲೂ ಬರೆದಿಟ್ಟು, ಎರಡು ಫೈಲುಗಳ ಬೆಲೆ ತಾಳೆಯಾಗದಿದ್ದರೆ ಅವನ್ನು ಜೋಡಿಸುವ ಲಿಂಕರ್ ಕೆಲಸವನ್ನೇ ನಿಲ್ಲಿಸುತ್ತದೆ. ನಾನೂ ಒಂದು ಸಂಜೆ ಇದೇ ಬಗೆಯ ಏರ್ಪಾಡನ್ನು ಬರೆದು, ಮರುದಿನ ಬೆಳಿಗ್ಗೆ ಅಳಿಸಿದೆ. ಸಿ++ನ ಕಂಟೇನರ್‌ಗಳ ಇಡೀ ಕೋಡ್ ಹೆಡರ್‌ನಲ್ಲೇ ಇರುವುದರಿಂದ ಅಲ್ಲಿ ಬೆರಕೆಯನ್ನು ತಡೆಯುವುದೇ ಸರಿಯಾದ ಉಪಾಯ. ನನ್ನದು ಬರಿಯ ಸಿ ಲೈಬ್ರರಿ. ಇಲ್ಲಿ ಬೆರಕೆಯನ್ನು ತಡೆಯುವ ಬದಲು, ಬೆರೆಸಿದರೂ ಏನೂ ಆಗದಂತೆ ಮಾಡಲು ಸಾಧ್ಯವಿದೆ, ಮತ್ತು ಸಾಧ್ಯವಿರುವಾಗ ಅದನ್ನೇ ಮಾಡಬೇಕು. ಲೈಬ್ರರಿ ಕಟ್ಟುವವರು ಬೇರೆ, ಬಳಸುವವರು ಬೇರೆ ಆಗಿರುವ ಕಡೆ ಇಬ್ಬರೂ ಒಂದೇ ಮ್ಯಾಕ್ರೊ ಕೊಡಬೇಕೆಂದು ಕೇಳುವುದು ನ್ಯಾಯವಲ್ಲ.

ಸ್ಟ್ರಕ್ಟ್‌ನ ದುರಸ್ತಿಗೆ ಎರಡು ಮಾರ್ಗಗಳಿದ್ದವು. ಒಂದು, ಹೆಡರ್‌ನಲ್ಲಿ 64 ಬೈಟ್‌ಗಳ ಖಾಲಿ ಜಾಗವನ್ನು ಮಾತ್ರ ತೋರಿಸಿ, ನಿಜವಾದ ಸದಸ್ಯರನ್ನು ಲೈಬ್ರರಿಯೊಳಗೆ ಅದರ ಮೇಲೆ ಹೊದಿಸುವುದು. ಇದರಲ್ಲಿ ಮೆಮೊರಿ ಹಂಚಿಕೆಯ ಖರ್ಚಿಲ್ಲ. ಆದರೆ ಒಂದು ಬಗೆಯದೆಂದು ಘೋಷಿಸಿದ ಜಾಗವನ್ನು ಇನ್ನೊಂದು ಬಗೆಯ ಸ್ಟ್ರಕ್ಟ್ ಎಂದು ಓದುವುದನ್ನು ಸಿ ಭಾಷೆಯ ನಿಯಮ ಒಪ್ಪುವುದಿಲ್ಲ. ಇಂದು ನಡೆದದ್ದು ನಾಳೆಯ ಕಂಪೈಲರ್‌ನಲ್ಲಿ ನಡೆಯದಿರಬಹುದು. ಇನ್ನೊಂದು, ಹೆಡರ್‌ನಲ್ಲಿ ಸ್ಟ್ರಕ್ಟ್‌ನ ಹೆಸರನ್ನು ಮಾತ್ರ ಹೇಳಿ ಒಡಲನ್ನು ಲೈಬ್ರರಿಯ ಒಳಗಿನ ಫೈಲಿಗೆ ಸರಿಸುವುದು, ಬಳಸುವವರಿಗೆ ಪಾಯಿಂಟರ್ ಕೊಡುವುದು, ಸ್ಥಾನವನ್ನು ಓದಲು ಒಂದು ಫಂಕ್ಷನ್ ಕೊಡುವುದು. ನಾನು ಎರಡನೆಯದನ್ನು ಆರಿಸಿಕೊಂಡೆ. ಪ್ರತಿ ಪದಕ್ಕೂ ಹೊಸದಾಗಿ ಮೆಮೊರಿ ಕೇಳಬೇಕಾಗದಂತೆ, ಒಮ್ಮೆ ಪಡೆದ ಪಾಯಿಂಟರನ್ನೇ ಹೊಸ ಪದಕ್ಕೆ ತಿರುಗಿಸುವ ಫಂಕ್ಷನ್ ಒಂದನ್ನು ಸೇರಿಸಿದೆ. ಈಗ ಡಿಬಗ್‌ನ ಎರಡು ಸದಸ್ಯರಲ್ಲ, ಇಪ್ಪತ್ತು ಸದಸ್ಯರನ್ನು ಸೇರಿಸಿದರೂ ಹೊರಗೆ ಯಾರಿಗೂ ತಿಳಿಯುವುದಿಲ್ಲ.

ಅದೇ ಹೆಡರ್‌ನಲ್ಲಿ ಲಾಗ್ ಬರೆಯುವ ಒಂದು ಮ್ಯಾಕ್ರೊ ಸಹ ಇತ್ತು. ಲಾಗ್ ಇಲ್ಲದ ಬಿಲ್ಡ್‌ನಲ್ಲಿ ಅದು ಏನೂ ಉಳಿಯದಂತೆ ಮಾಯವಾಗುತ್ತಿತ್ತು, ಅದರ ಆವರಣದೊಳಗೆ ಯಾರಾದರೂ ಮುಂದಿನ ಅಕ್ಷರಕ್ಕೆ ಸಾಗುವ ಕರೆಯನ್ನು ಬರೆದಿದ್ದರೆ ಆ ಕರೆಯೂ ಅದರೊಡನೆ ಮಾಯವಾಗುತ್ತಿತ್ತು. ಅದನ್ನು ಫಂಕ್ಷನ್ ಆಗಿ ಬದಲಾಯಿಸಿದೆ. ಲಾಗ್ ಬೇಡವೆಂದಾದರೆ ಫಂಕ್ಷನ್ ಸುಮ್ಮನಿರುತ್ತದೆ, ಆದರೆ ಅದಕ್ಕೆ ಕೊಟ್ಟದ್ದೆಲ್ಲ ಲೆಕ್ಕಕ್ಕೆ ಬರುತ್ತದೆ.

ಇಲ್ಲದ ಸೌಲಭ್ಯ ಏನು ಹೇಳಬೇಕು

ಮುಂದಿನ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು. ಥ್ರೆಡ್ ಇರುವ ಬಿಲ್ಡ್‌ನಲ್ಲಿ ಪದಪಟ್ಟಿಯನ್ನು ಹಿನ್ನೆಲೆಯಲ್ಲಿ ಓದಿಕೊಳ್ಳುವ ಫಂಕ್ಷನ್ ಇತ್ತು. ಥ್ರೆಡ್ ಇಲ್ಲದ ಬಿಲ್ಡ್‌ನಲ್ಲಿ ಆ ಫಂಕ್ಷನ್ ಹೆಡರ್‌ನಲ್ಲೇ ಇರಲಿಲ್ಲ. ಹಾಗಾಗಿ ಅದನ್ನು ಕರೆಯುವ ಪ್ರತಿಯೊಬ್ಬರೂ ತಮ್ಮ ಕೋಡ್‌ನಲ್ಲಿ ಇಫ್‌ಡೆಫ್ (ಮ್ಯಾಕ್ರೊ ಇದೆಯೇ ಎಂದು ನೋಡುವ ಷರತ್ತು) ಹಾಕಿಕೊಳ್ಳಬೇಕಿತ್ತು, ಅಂದರೆ ನನ್ನ ಮನೆಯ ಕಸವನ್ನು ಅವರ ಅಂಗಳಕ್ಕೆ ತಳ್ಳಿದ್ದೆ. ಲಿನಕ್ಸ್ ಕರ್ನಲ್‌ನಲ್ಲಿ ಇದಕ್ಕೆ ಬಹಳ ಹಿಂದಿನಿಂದಲೂ ಒಂದು ರೂಢಿಯಿದೆ: ಸೌಲಭ್ಯವನ್ನು ಕೈಬಿಟ್ಟ ಬಿಲ್ಡ್‌ನಲ್ಲೂ ಹೆಡರ್ ಅದೇ ಹೆಸರಿನ, ಏನೂ ಮಾಡದ ಒಂದು ಸಣ್ಣ ಫಂಕ್ಷನ್ ಕೊಡುತ್ತದೆ, ಕರೆಯುವ ಫೈಲುಗಳಲ್ಲಿ ಷರತ್ತು ಬರೆಯಬೇಕಾಗುವುದಿಲ್ಲ. ನಾನು ಆ ರೂಢಿಯ ಆಶಯವನ್ನು ತೆಗೆದುಕೊಂಡು, ಖಾಲಿ ಫಂಕ್ಷನ್‌ಗಳನ್ನು ಹೆಡರ್‌ನಲ್ಲಿ ಇಡದೆ ಲೈಬ್ರರಿಯ ಒಳಗೆ ಇಟ್ಟೆ. ಕರ್ನಲ್ ಅನ್ನು ಇಡಿಯಾಗಿ ಒಂದೇ ಸಂರಚನೆಯಲ್ಲಿ ಕಟ್ಟುತ್ತಾರೆ. ನನ್ನ ಲೈಬ್ರರಿಯ ಸಂರಚನೆ ಬಳಸುವವರ ಕಂಪೈಲರ್‌ಗೆ ಗೊತ್ತೇ ಇರುವುದಿಲ್ಲ.

ಆದರೆ ಖಾಲಿ ಫಂಕ್ಷನ್ ಏನೆಂದು ಉತ್ತರಿಸಬೇಕು? ಸುಮ್ಮನೆ 'ಆಯಿತು' ಎಂದರೆ ಅದು ಸುಳ್ಳು. 'ಬೆಂಬಲವಿಲ್ಲ' ಎಂದರೆ ಕರೆಯುವವರಿಗೆ ಮತ್ತೆ ಎರಡು ದಾರಿ ಬರೆಯುವ ಕೆಲಸ. ಪ್ರತಿ ಫಂಕ್ಷನ್‌ನ ಎದುರು ಕುಳಿತು, ಅದು ನಿಜವಾಗಿ ಏನನ್ನು ವಾಗ್ದಾನ ಮಾಡಿದೆ ಎಂದು ಬರೆದುಕೊಂಡೆ. ಹಿನ್ನೆಲೆಯಲ್ಲಿ ಓದುವ ಫಂಕ್ಷನ್ ವಾಗ್ದಾನ ಮಾಡಿರುವುದು 'ಮುಗಿಯುವವರೆಗೆ ಕಾಯುವ' ಫಂಕ್ಷನ್ ಮರಳಿದ ಮೇಲೆ ಪದಪಟ್ಟಿ ಸಿದ್ಧವಿರುತ್ತದೆ ಎಂಬುದನ್ನು ಮಾತ್ರ. ಥ್ರೆಡ್ ಇಲ್ಲದಿದ್ದರೆ ಮುನ್ನೆಲೆಯಲ್ಲೇ ಓದಿ ಮುಗಿಸಿ, ಕಾಯುವ ಫಂಕ್ಷನ್ ಕೂಡಲೇ ಮರಳಿದರೆ ಆ ಮಾತು ನಡೆದಂತೆಯೇ. ತಡವಾಗಬಹುದು, ತಪ್ಪಾಗುವುದಿಲ್ಲ. ಲಾಗ್ ಕೇಳುಗರನ್ನು ನೋಂದಾಯಿಸುವ ಫಂಕ್ಷನ್ ಕೂಡ ಹಾಗೆಯೇ: ಸಾಲುಗಳು ಬಂದೇ ಬರುತ್ತವೆ ಎಂದು ಅದು ಯಾವತ್ತೂ ಹೇಳಿಲ್ಲ. ನಿಜಕ್ಕೂ ನಡೆಸಿಕೊಡಲಾಗದ ಮಾತು ಒಂದೇ ಉಳಿಯಿತು, ಅದು ಐಸಿಯುವಿಗೆ ಸಂಬಂಧಿಸಿದ್ದು.

ಅದನ್ನು ಹೇಳುವ ಮೊದಲು ಈ ಹಂತದಲ್ಲಿ ಆದ ಒಂದು ಎಡವಟ್ಟನ್ನು ದಾಖಲಿಸಬೇಕು. ಆಯ್ಕೆಗಳ ಮ್ಯಾಕ್ರೊಗಳನ್ನು 'ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ' ಎಂಬ ಪದ್ಧತಿಯಿಂದ, ಯಾವಾಗಲೂ 0 ಅಥವಾ 1 ಬೆಲೆ ಇರುವ ಪದ್ಧತಿಗೆ ಬದಲಾಯಿಸಿದೆ. ಹೀಗೆ ಮಾಡಿದರೆ ಮ್ಯಾಕ್ರೊದ ಹೆಸರನ್ನು ತಪ್ಪಾಗಿ ಬರೆದಾಗ, ಅಥವಾ ಸಂರಚನೆಯ ಹೆಡರನ್ನು ಸೇರಿಸಲು ಮರೆತಾಗ, ಕಂಪೈಲರ್‌ನ ಅನ್‌ಡೆಫ್ ಎಚ್ಚರಿಕೆ ಅದನ್ನು ಹಿಡಿಯುತ್ತದೆ. ಆದರೆ ಒಂದು ಫೈಲಿನಲ್ಲಿ ಹಳೆಯ ಇಫ್‌ಡೆಫ್ ಹಾಗೆಯೇ ಉಳಿದುಹೋಯಿತು. 0 ಎಂದು ಬೆಲೆ ಕೊಟ್ಟ ಮ್ಯಾಕ್ರೊವೂ 'ಇರುವ' ಮ್ಯಾಕ್ರೊವೇ ಆದ್ದರಿಂದ ಥ್ರೆಡ್ ರಹಿತ ಬಿಲ್ಡ್‌ನೊಳಗೂ ಥ್ರೆಡ್ ಕೋಡ್ ಸೇರಿಕೊಂಡಿತು, ಈ ತಪ್ಪನ್ನು ಆ ಎಚ್ಚರಿಕೆ ಹಿಡಿಯುವುದಿಲ್ಲ. ನನ್ನ ಯಂತ್ರದಲ್ಲಿ ಏನೂ ಗೊತ್ತಾಗಲಿಲ್ಲ, ಯಾಕೆಂದರೆ 2021ರ ಗ್ಲಿಬ್‌ಸಿ (ಲಿನಕ್ಸ್‌ನ ಸಿ ಲೈಬ್ರರಿ) 2.34ರಿಂದ ಥ್ರೆಡ್ ಲೈಬ್ರರಿ ಮುಖ್ಯ ಸಿ ಲೈಬ್ರರಿಯಲ್ಲೇ ಸೇರಿಹೋಗಿದೆ, ಲಿಂಕರ್ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಫಲಕದ ಬೋರ್ಡಿನಲ್ಲಿದ್ದದ್ದು ಡೆಬಿಯನ್ 10 ಲಿನಕ್ಸ್‌ನ ಆಧಾರದ ವ್ಯವಸ್ಥೆ, ಅದರ ಗ್ಲಿಬ್‌ಸಿ 2.28, ಥ್ರೆಡ್ ಹುಟ್ಟಿಸುವ ಫಂಕ್ಷನ್ ಸಿಗುತ್ತಿಲ್ಲವೆಂದು ಲಿಂಕರ್ ಅಲ್ಲಿ ನಿಂತಿತು. ಹಳೆಯ ವ್ಯವಸ್ಥೆಯೊಂದನ್ನು ಪರೀಕ್ಷೆಯಲ್ಲಿ ಉಳಿಸಿಕೊಂಡಿದ್ದಕ್ಕೆ ಅಂದು ಸಮಾಧಾನವಾಯಿತು.

ಹೆಸರು ಒಂದೇ, ಉತ್ತರ ಎರಡು

ಈಗ ಐಸಿಯು. ನನ್ನ ದೃಷ್ಟಿಯಲ್ಲಿ ಈ ದುರಸ್ತಿಯ ಅತ್ಯಂತ ಗಂಭೀರ ಭಾಗ ಇದೇ. ಇಲ್ಲಿ ಕಂಪೈಲರ್, ಲಿಂಕರ್, ವಾಲ್‌ಗ್ರೈಂಡ್ ಯಾವುವೂ ದೂರು ಹೇಳುವುದಿಲ್ಲ.

ಅಕ್ಷರ ಎಣಿಸುವ ಫಂಕ್ಷನ್‌ನ ಹೆಸರು, ಅದು ಪಡೆಯುವ ಬೆಲೆಗಳು, ಮರಳಿಸುವ ಬಗೆ ಎಲ್ಲ ಸಂರಚನೆಗಳಲ್ಲೂ ಒಂದೇ ಆಗಿತ್ತು. ಐಸಿಯು ಇಲ್ಲದ ಬಿಲ್ಡ್‌ನಲ್ಲಿ ಅದು ನನ್ನದೇ ನಿಯಮಗಳನ್ನು ನಡೆಸುತ್ತಿತ್ತು. ಐಸಿಯು ಇದ್ದರೆ, ಅನುಭವಿಗಳು ಬರೆದ ದೊಡ್ಡ ಲೈಬ್ರರಿ ನನ್ನದಕ್ಕಿಂತ ಮೇಲು ಎಂದು ಭಾವಿಸಿ, ಕೆಲಸವನ್ನು ಅದಕ್ಕೆ ಒಪ್ಪಿಸುತ್ತಿತ್ತು. ಎರಡೂ ಕಡೆ ಬೇರೆ ಬೇರೆ ಪರೀಕ್ಷೆಗಳಿದ್ದುದರಿಂದ ಎರಡೂ ಉತ್ತೀರ್ಣವಾಗುತ್ತಿದ್ದವು. ಹದಿನಾರೂ ಸಂರಚನೆಗಳಿಗೆ ಒಂದೇ ಪರೀಕ್ಷಾ ಪಟ್ಟಿಯನ್ನು ಮೊದಲ ಬಾರಿಗೆ ಓಡಿಸಿದಾಗ ಸರಿಯಾಗಿ ಎಂಟು ಬಿದ್ದವು. 'ಲಕ್ಷ್ಮಿ' ಪದಕ್ಕೆ ಐಸಿಯು ಇಲ್ಲದ ಎಂಟು ಬಿಲ್ಡ್‌ಗಳು 2 ಎಂದವು, ಇರುವ ಎಂಟು 4 ಎಂದವು. 'ಕಂಪ್ಯೂಟರ್' ಪದಕ್ಕೆ 4 ಮತ್ತು 5.

ಇಲ್ಲಿ ಐಸಿಯುವಿನ ತಪ್ಪಿಲ್ಲ. ಯೂನಿಕೋಡ್ ನಿಯಮದಲ್ಲಿ 'ಗ್ರಾಫೀಮ್ ಕ್ಲಸ್ಟರ್' ಎಂಬ ಘಟಕವಿದೆ, ಕರ್ಸರ್ ಎಲ್ಲಿ ನಿಲ್ಲಬೇಕು ಎಂಬಂಥ ಪ್ರಶ್ನೆಗಳಿಗೆ ಅದು ಉತ್ತರ. ಅದರಂತೆ 'ಲಕ್ಷ್ಮಿ' ಎಂಬುದು ಲ, ಕ್, ಷ್, ಮಿ ಎಂದು ನಾಲ್ಕಾಗಿ ಒಡೆಯುತ್ತದೆ. 2023ರಲ್ಲಿ ಬಂದ ಯೂನಿಕೋಡ್ 15.1, ಒತ್ತಕ್ಷರಗಳನ್ನು ಒಡೆಯಬಾರದು ಎಂಬ ಹೊಸ ನಿಯಮವನ್ನು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಸೇರಿಸಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಅಂದರೆ ಅದೇ ಪದವನ್ನು ತೆಲುಗು ಲಿಪಿಯಲ್ಲಿ ಬರೆದರೆ ಎರಡು, ಕನ್ನಡದಲ್ಲಿ ಬರೆದರೆ ನಾಲ್ಕು. ನಾನು 'ಅಕ್ಷರ' ಎಂದು ಹೆಸರಿಟ್ಟದ್ದಕ್ಕೆ ಐಸಿಯು 'ಕ್ಲಸ್ಟರ್' ಎಂದು ಉತ್ತರ ಕೊಡುತ್ತಿತ್ತು. ಎರಡೂ ಗೌರವಾರ್ಹ ಘಟಕಗಳೇ, ಆದರೆ ಒಂದೇ ಹೆಸರಿನ ಹಿಂದೆ ಎರಡನ್ನೂ ಕೂರಿಸಿ, ಯಾವುದು ಹೊರಬರಬೇಕೆಂಬುದನ್ನು ಬಿಲ್ಡ್ ಮಾಡಿದವರ ಕೈಗೆ ಬಿಟ್ಟದ್ದು ನನ್ನ ತಪ್ಪು. ಪದಬಂಧದ ಚೌಕಗಳು ಒಬ್ಬರ ಯಂತ್ರದಲ್ಲಿ ಎರಡು, ಇನ್ನೊಬ್ಬರಲ್ಲಿ ನಾಲ್ಕು ಆಗುವುದನ್ನು ಯಾವ ಓದುಗನೂ ಕ್ಷಮಿಸಲಾರ.

ದುರಸ್ತಿ ಹೀಗಾಯಿತು. ಅಕ್ಷರ ಎಣಿಸುವ ಫಂಕ್ಷನ್ ಎಲ್ಲ ಸಂರಚನೆಗಳಲ್ಲೂ ನನ್ನ ನಿಯಮಗಳನ್ನೇ ನಡೆಸುತ್ತದೆ, ಐಸಿಯು ಇದ್ದರೂ ಇಲ್ಲದಿದ್ದರೂ. ಕ್ಲಸ್ಟರ್ ಎಣಿಸಲು ಬೇರೆ ಹೆಸರಿನ ಪ್ರತ್ಯೇಕ ಫಂಕ್ಷನ್ ಬಂದಿದೆ; ಅದು ಎಲ್ಲ ಬಿಲ್ಡ್‌ಗಳಲ್ಲೂ ಇರುತ್ತದೆ, ಐಸಿಯು ಇಲ್ಲದಿದ್ದರೆ 'ಬೆಂಬಲವಿಲ್ಲ' ಎಂದು ಸ್ಪಷ್ಟವಾಗಿ ಹೇಳುತ್ತದೆ, ಅಂದಾಜಿನ ಉತ್ತರ ಕೊಡುವುದಿಲ್ಲ. ಪರೀಕ್ಷಾ ಪಟ್ಟಿಗೆ 'ಸಾಫ್ಟ್‌ವೇರ್' ಎಂಬ ಪದವನ್ನು ಎರಡು ರೂಪಗಳಲ್ಲಿ ಸೇರಿಸಿದೆ. 'ಟ್' ಆದಮೇಲೆ ಒತ್ತಕ್ಷರ ಕೂಡದಂತೆ ತಡೆಯುವ ಕಾಣದ ಸಂಕೇತವಿದ್ದರೆ ಸಾ, ಫ್ಟ್, ವೇ, ರ್ ಎಂದು ನಾಲ್ಕು ಅಕ್ಷರ. ಅದಿಲ್ಲದೆ ಬರೆದರೆ ಮೂರು. ಹೀಗೆ ಕಣ್ಣಿಗೆ ಬೀಳದ ಸಂಕೇತವೊಂದು ಉತ್ತರವನ್ನು ಬದಲಿಸುವ ಪದಗಳಲ್ಲಿಯೇ ಎರಡು ಕೋಡ್ ದಾರಿಗಳ ಭಿನ್ನತೆ ಬೇಗ ಹೊರಬೀಳುತ್ತದೆ.

32-ಬಿಟ್ ಬೋರ್ಡ್ ಇನ್ನೊಂದು ಬಿರುಕನ್ನು ತೋರಿಸಿತು. ಪದಪಟ್ಟಿಯ ಫೈಲನ್ನು ಯಾವ ಸ್ಥಳದಿಂದ ಓದಬೇಕು ಎಂಬ ಬೆಲೆಯನ್ನು ವ್ಯವಸ್ಥೆಯ ಆಫ್‌-ಟಿ ಬಗೆಯಲ್ಲಿ ಪಡೆಯುತ್ತಿದ್ದೆ. 32-ಬಿಟ್ ಗ್ಲಿಬ್‌ಸಿಯಲ್ಲಿ ಆ ಬಗೆ ಸಾಮಾನ್ಯವಾಗಿ 4 ಬೈಟ್, ದೊಡ್ಡ ಫೈಲುಗಳ ಮ್ಯಾಕ್ರೊಗೆ 64 ಎಂಬ ಬೆಲೆ ಕೊಟ್ಟು ಕಟ್ಟಿದರೆ 8 ಬೈಟ್. ಲೈಬ್ರರಿಯನ್ನು ನಾನು ಆ ಮ್ಯಾಕ್ರೊ ಕೊಟ್ಟು ಕಟ್ಟಿದ್ದೆ, ಫಲಕದ ಪ್ರೋಗ್ರಾಂ ಕೊಡದೆ ಕಟ್ಟಲ್ಪಟ್ಟಿತ್ತು. ಆ ಬೋರ್ಡಿನ ಎಆರ್‌ಎಂ ಪ್ರೊಸೆಸರ್‌ನ ಕರೆ ಪದ್ಧತಿಯಲ್ಲಿ ಎಂಟು ಬೈಟ್‌ನ ಬೆಲೆ ಸಮಸಂಖ್ಯೆಯ ರಿಜಿಸ್ಟರ್‌ನಿಂದ (ಪ್ರೊಸೆಸರ್‌ನೊಳಗೆ ಬೆಲೆ ಇಡುವ ಜಾಗದಿಂದ) ಆರಂಭವಾಗುವ ಜೋಡಿಯಲ್ಲೇ ಕೂರಬೇಕು. ಹಾಗಾಗಿ ಪ್ರೋಗ್ರಾಂ ಬೆಲೆಯನ್ನು ಒಂದನೇ ರಿಜಿಸ್ಟರ್‌ನಲ್ಲಿ ಇರಿಸಿದರೆ, ಲೈಬ್ರರಿ ಎರಡು ಮತ್ತು ಮೂರನೆಯದರಲ್ಲಿ ಹುಡುಕುತ್ತಿತ್ತು. ಫಂಕ್ಷನ್‌ನ ಘೋಷಣೆಯಲ್ಲಿ ನಿಗದಿತ 64-ಬಿಟ್ ಪೂರ್ಣಾಂಕದ ಬಗೆಯನ್ನು ಬರೆದು ಇದನ್ನು ಮುಗಿಸಿದೆ. ಕಾಲದ ಬೆಲೆಗೂ ಇದೇ ಅಪಾಯವಿದೆ. 32-ಬಿಟ್ ಕಾಲದ ಎಣಿಕೆ 2038ರಲ್ಲಿ ಮುಗಿದುಹೋಗುವ ಸಮಸ್ಯೆಯನ್ನು ದಾಟಲು ಡೆಬಿಯನ್ 2024ರಲ್ಲಿ 32-ಬಿಟ್ ಎಆರ್‌ಎಂ ವ್ಯವಸ್ಥೆಯ ಕಾಲದ ಬಗೆಯನ್ನು 64-ಬಿಟ್‌ಗೆ ಬದಲಾಯಿಸಿದಾಗ, ಅದರಿಂದ ಎಬಿಐ ಬದಲಾದ ಲೈಬ್ರರಿ ಪೊಟ್ಟಣಗಳ ಹೆಸರುಗಳನ್ನೇ ಬದಲಿಸಬೇಕಾಯಿತು. ನನ್ನ ಹೆಡರ್‌ನಲ್ಲಿ ಕಾಲದ ಬೆಲೆ ಇಲ್ಲ, ಮುಂದೆ ಬಂದರೂ ನಿಗದಿತ ಅಳತೆಯಲ್ಲೇ ಬರಬೇಕು.

ಕಾವಲು

ಇಷ್ಟೆಲ್ಲ ಆದಮೇಲೆ ಇದು ಮತ್ತೆ ಹಾಳಾಗದಂತೆ ನೋಡಿಕೊಳ್ಳುವುದು ಹೇಗೆ ಎಂದು ಯೋಚಿಸಿದೆ. ಲೈಬ್ರರಿ ಚಿಕ್ಕದು, ಹದಿನಾರೂ ಸಂರಚನೆಗಳನ್ನು ಪ್ರತಿ ಬದಲಾವಣೆಗೂ ಕಟ್ಟಬಹುದು. ಕರ್ನಲ್‌ನಂಥ ಯೋಜನೆಗೆ ಅದು ಅಸಾಧ್ಯವಾದ್ದರಿಂದಲೇ ಅಲ್ಲಿ ಯಾದೃಚ್ಛಿಕ ಸಂರಚನೆಗಳನ್ನು ಕಟ್ಟಿ ನೋಡುವ ಪದ್ಧತಿ ಇದೆ. ನನಗೆ ಅತ್ಯಂತ ಹಿಡಿಸಿದ ಪರೀಕ್ಷೆ ಅತ್ಯಂತ ಸರಳವಾದದ್ದು: ಹೊರಗಿನ ಹೆಡರನ್ನು ಹದಿನಾರು ಸಂರಚನೆಗಳ ಮ್ಯಾಕ್ರೊಗಳೊಂದಿಗೂ ಪ್ರೀಪ್ರೊಸೆಸರ್‌ನಲ್ಲಿ (ಮ್ಯಾಕ್ರೊ ಮತ್ತು ಷರತ್ತುಗಳನ್ನು ಬಿಡಿಸುವ ಹಂತದಲ್ಲಿ) ಮಾತ್ರ ಹಾಯಿಸಿ, ಸಾಲಿನ ಗುರುತುಗಳನ್ನು ಬಿಟ್ಟು ಬಂದ ಪಠ್ಯವನ್ನು ಹೋಲಿಸುವುದು. ಒಂದೇ ಒಂದು ಬೈಟ್ ಬೇರೆಯಾದರೂ ಬಿಲ್ಡ್ ವಿಫಲ. ಹೆಡರ್‌ನಲ್ಲಿ ಈಗ ಉಳಿದಿರುವ ಷರತ್ತುಗಳು ಮೂರೇ: ಎರಡು ಬಾರಿ ಸೇರದಂತೆ ತಡೆಯುವುದು, ಸಿ++ನಿಂದ ಬಳಸಲು ಅನುವಾಗುವುದು, ವಿಂಡೋಸ್‌ನಲ್ಲಿ ಹೆಸರುಗಳನ್ನು ಹೊರಗೆ ಕಾಣಿಸುವುದು. ಮೊದಲಿನ ನನ್ನ ಹೆಡರ್‌ಗೆ ಈ ಪರೀಕ್ಷೆ ಹಾಕಿ ನೋಡಿದರೆ, ಗೆಳೆಯರ ದೂರು ಬರುವ ಎಷ್ಟೋ ಮುಂಚೆಯೇ ಅದು ಕೆಂಪು ತೋರಿಸುತ್ತಿತ್ತು.

ಇನ್ನೊಂದು ಪರೀಕ್ಷೆ ಬೈನರಿಯ ಕಡೆಯದು. ಹೊರಗೆ ಕಾಣಬೇಕಾದ ಹೆಸರುಗಳ ಪಟ್ಟಿಯನ್ನು ಲಿಂಕರ್‌ಗೆ ಕೈಯಾರೆ ಬರೆದು ಕೊಟ್ಟಿದ್ದೇನೆ, ಉಳಿದೆಲ್ಲವೂ ಮರೆಯಲ್ಲಿರುತ್ತವೆ. ಕಟ್ಟಿದ ಪ್ರತಿ ಲೈಬ್ರರಿಯ ಹೆಸರುಗಳನ್ನು ಎನ್‌ಎಂ ಉಪಕರಣದಿಂದ ತೆಗೆದು ಆ ಪಟ್ಟಿಗೆ ಹೋಲಿಸುತ್ತೇನೆ. ಬಗೆಗಳು ಬದಲಾಗಿವೆಯೇ ಎಂದು ನೋಡಲು ಲಿಬ್‌ಅಬಿಗೇಲ್‌ನ ಎಬಿಐಡಿಫ್ ಇದೆ. ಅದಕ್ಕೆ ಹೊರಗಿನ ಹೆಡರ್‌ಗಳ ಜಾಗವನ್ನು ತಿಳಿಸಬೇಕು, ಇಲ್ಲದಿದ್ದರೆ ಒಳಗಿನ ಸ್ಟ್ರಕ್ಟ್‌ನ ಡಿಬಗ್ ಸದಸ್ಯರನ್ನೂ ಬದಲಾವಣೆ ಎಂದು ತೋರಿಸುತ್ತದೆ.

ಸ್ಟ್ರಕ್ಟ್ ಮರೆಯಾದ್ದರಿಂದ ಹಳೆಯ ಪ್ರೋಗ್ರಾಂಗಳು ಹೊಸ ಲೈಬ್ರರಿಯೊಂದಿಗೆ ಓಡುವುದಿಲ್ಲ. ಅವು ಅರಿಯದೆ ಓಡಿಬಿಡದಂತೆ ಲೈಬ್ರರಿಯ ಸೋನೇಮ್ (ಬೈನರಿಯಲ್ಲಿ ದಾಖಲಾಗುವ ಹೆಸರು) ಸಂಖ್ಯೆಯನ್ನು 1ರಿಂದ 2ಕ್ಕೆ ಏರಿಸಿದೆ. ಪದಬಂಧದ ಗೆಳೆಯರು ತಮ್ಮ ಕೋಡ್‌ನಲ್ಲಿ ಸ್ಥಾನವನ್ನು ನೇರವಾಗಿ ಓದುತ್ತಿದ್ದ ಒಂಬತ್ತು ಕಡೆ ಫಂಕ್ಷನ್ ಕರೆಯನ್ನು ಬರೆದುಕೊಂಡರು. ಬಿಲ್ಡ್ ಪ್ರಕಾರವನ್ನು ಅವರು ಈಗಲೂ ಖಾಲಿ ಬಿಟ್ಟಿದ್ದಾರೆ, ಅದನ್ನು ಬದಲಾಯಿಸಿ ಎಂದು ನಾನು ಹೇಳಲಿಲ್ಲ. ಅವರ ಖಾಲಿ ಬಿಲ್ಡ್ ಅನ್ನು ನನ್ನ ಹದಿನಾರೂ ಲೈಬ್ರರಿಗಳ ಜೊತೆ ಒಂದೊಂದಾಗಿ ಸೇರಿಸಿ ಓಡಿಸಿದಾಗ, 'ಲಕ್ಷ್ಮಿ' ಹದಿನಾರು ಬಾರಿಯೂ ಎರಡೇ ಚೌಕಗಳಲ್ಲಿ ಕುಳಿತಳು.